ನಳದ ಮುಂದಿನ ಕಲ್ಲು

(ಮಠದ ಮಾಸಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಪಿಯುಸಿ ಮುಗಿಸಿದ ಮಕ್ಕಳಿಗೆ ಮುಂದಿನ ದಾರಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಪೂಜ್ಯರು ಅಪ್ಪಣೆ ಮಾಡಿದ್ದಾರೆ. ನಾನು ಸಿವಿಲ್ ಇಂಜಿನಿಯರ್. 34 ವರ್ಷ ಸರ್ಕಾರಿ ಸೇವೆ ಮಾಡಿ ನಿವೃತ್ತನಾದವನು. ಇವನು ಇಂಜಿನಿಯರಿಂಗ್ ಸೀಟಿನ ಬಗ್ಗೆಯೇ ಮಾತಾಡುತ್ತಾನೆ ಎಂದು ನೀವು ಎಣಿಸಿ ಬಂದಿರಬಹುದು. ಆದರೆ ನಾನು ಇಂದು ಹೇಳಬೇಕೆಂದಿರುವುದು ನನ್ನ ತಮ್ಮನ ಮಗಳ ಒಂದು ನೋಟ್‌ಬುಕ್ಕಿನ ಕಥೆ. ಆಕೆ ಡಿಸೈನ್ ಓದುತ್ತಿದ್ದಾಳೆ. ಆ ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾನೂ ಇದ್ದೇನೆ. ಅಲ್ಲಿ ನಾನು ಹೇಗಿದ್ದೇನೆ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ.

ಆಕೆ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಮನೆಯವರೆಲ್ಲ ಇಂಜಿನಿಯರಿಂಗ್ ಎಂದೇ ಲೆಕ್ಕ ಹಾಕಿದ್ದೆವು. ಆಕೆ “ಡಿಸೈನ್ ಓದತೀನಿ” ಎಂದಾಗ ಎಲ್ಲರಿಗಿಂತ ಹೆಚ್ಚು ಕೂಗಾಡಿದವನು ನಾನು. “ಚಿತ್ರಾ ತಗಿಯೂದು ಹವ್ಯಾಸ ಆತು. ಅದು ಹೊಟ್ಟಿ ತುಂಬಸ್ತೈತೇನು?” ಎಂದು ಎಲ್ಲರೆದುರೇ ಕೇಳಿದ್ದೆ. ಆಕೆ ವಾದಕ್ಕೆ ನಿಲ್ಲಲಿಲ್ಲ. ಪ್ರವೇಶ ಪರೀಕ್ಷೆ ಬರೆದಳು, ಸೀಟು ಪಡೆದಳು, ಹೋದಳು.

ಡಿಸೈನ್ ಎಂದರೆ ಬಟ್ಟೆ ತೊಟ್ಟು ವೇದಿಕೆಯ ಮೇಲೆ ನಡೆಯುವುದು ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ನನ್ನದೂ ಹಾಗೆಯೇ ಇತ್ತು. ಈಗ ನೀವು ಕುಳಿತ ಕುರ್ಚಿಯ ಎತ್ತರವನ್ನು ಯಾರೋ ನಿರ್ಧರಿಸಿದ್ದಾರೆ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಮೇಲಿರಬೇಕು, ಗುಳಿಗೆಯ ಚೀಟಿಯ ಮೇಲೆ ಅಕ್ಷರ ಎಷ್ಟು ದಪ್ಪ ಇರಬೇಕು, ಮೊಬೈಲಿನಲ್ಲಿ ಹಣ ಕಳಿಸುವ ಗುಂಡಿ ಎಲ್ಲಿರಬೇಕು ಎಂಬುದನ್ನೂ ಯಾರೋ ಕುಳಿತು ಯೋಚಿಸಿದ್ದಾರೆ. ಇದೇ ಆ ವಿದ್ಯೆ. ಇದಕ್ಕಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಡಿಸೈನ್ ಸಂಸ್ಥೆ 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲೂ ಅದರ ಕ್ಯಾಂಪಸ್ ಇದೆ. ಐಐಟಿಗಳಲ್ಲಿ ಡಿಸೈನ್ ಪದವಿ ಓದಬೇಕೆನ್ನುವವರಿಗೆ ಮುಂಬಯಿ ಐಐಟಿ ಯುಸೀಡ್ ಎಂಬ ಪರೀಕ್ಷೆ ನಡೆಸುತ್ತದೆ. ಸಾಮಾನ್ಯವಾಗಿ ಇದು 4 ವರ್ಷದ ಕೋರ್ಸು. ಪಾಲಕರು ಬರೆದುಕೊಳ್ಳಲಿ ಎಂದು ಇಷ್ಟು ಹೇಳಿದೆ.

ಎರಡನೆಯ ವರ್ಷದ ರಜೆಗೆ ಆಕೆ ನಮ್ಮ ಮನೆಗೆ ಬಂದಾಗ ಕಾಲೇಜಿನವರು ಒಂದು ಕೆಲಸ ಕೊಟ್ಟಿದ್ದರು. 30 ದಿನ, ದಿನಕ್ಕೊಂದು ವಸ್ತು ಅಥವಾ ಒಂದು ಕೆಲಸವನ್ನು ನೋಡಿ ಕೈಯಿಂದ ಚಿತ್ರ ಬರೆಯಬೇಕು. ಅದರ ಪಕ್ಕದಲ್ಲಿ ಅದನ್ನು ಯಾರು ಬಳಸುತ್ತಾರೆ, ಹೇಗೆ ಬಳಸುತ್ತಾರೆ, ಯಾಕೆ ಹಾಗೆ ಎಂದು ಬರೆಯಬೇಕು. ಹೊಸ ಕಲ್ಪನೆ ಬರಬೇಕಾದರೆ ದೊಡ್ಡ ದೊಡ್ಡ ಪುಸ್ತಕ ಬೇಕು, ಪರದೇಶದ ಕಟ್ಟಡಗಳ ಚಿತ್ರ ನೋಡಬೇಕು ಎಂಬುದು ನನ್ನ ನಂಬಿಕೆ. ಅಂಥ ಒಂದು ಪುಸ್ತಕ ಕೊಡಿಸುತ್ತೇನೆ ಎಂದೆ. “ಪುಸ್ತಕ ಆಮ್ಯಾಲ ಇರಲಿ ದೊಡ್ಡಪ್ಪಾ, ಮೊದಲ ನಿಮ್ಮ ಅಡಗಿಮನಿ ನೋಡತೀನಿ” ಎಂದಳು.

ಮೊದಲ ದಿನ ಆಕೆ ಬರೆದದ್ದು ಬುತ್ತಿಯ ಗಂಟು. ಹೊಲಕ್ಕೆ ಹೋಗುವವರ ರೊಟ್ಟಿ, ಪಲ್ಯೆ, ಚಟ್ನಿಯನ್ನು ಒಂದು ಅರಿವೆಯಲ್ಲಿ ಕಟ್ಟುತ್ತಾರಲ್ಲ, ಅದು. ಅದೇ ಅರಿವೆ ರೊಟ್ಟಿಯ ಹಬೆಯನ್ನು ಹೀರಿಕೊಳ್ಳುತ್ತದೆ, ಗಂಟೇ ಹಿಡಿಕೆಯಾಗುತ್ತದೆ, ಬಿಚ್ಚಿ ಹಾಸಿದರೆ ಅದೇ ಊಟದ ಹಾಸು, ಉಂಡ ಮೇಲೆ ಅದೇ ಕೈವಸ್ತ್ರ. 4 ಕೆಲಸಕ್ಕೆ ಒಂದೇ ಅರಿವೆ ಎಂದು ಪಕ್ಕದಲ್ಲಿ ಬರೆದಿದ್ದಳು. 60 ವರ್ಷ ಆ ಬುತ್ತಿ ಉಂಡ ನಾನು ಅದನ್ನು ಎಣಿಸಿರಲಿಲ್ಲ.

ಎರಡನೆಯ ದಿನ ಬಸ್ ಕಂಡಕ್ಟರರ ಎಡಗೈ. ನೋಟುಗಳನ್ನು ಉದ್ದಕ್ಕೆ ಮಡಿಚಿ, ಹತ್ತರ ನೋಟು ಒಂದು ಬೆರಳಸಂದಿಯಲ್ಲಿ, ಐವತ್ತರದು ಇನ್ನೊಂದರಲ್ಲಿ, ನೂರರದು ಮತ್ತೊಂದರಲ್ಲಿ ಹಿಡಿದಿರುತ್ತಾರೆ. ತುಂಬಿದ ಬಸ್ಸಿನಲ್ಲಿ, ಅಲುಗಾಡುತ್ತ ನಿಂತು, ನೋಡದೆಯೇ ಚಿಲ್ಲರೆ ಕೊಡುತ್ತಾರೆ. ಗಲ್ಲಾಪೆಟ್ಟಿಗೆಯ ಖಾನೆಗಳೆಲ್ಲ ಅಲ್ಲಿ ಬೆರಳುಗಳ ನಡುವೆ ಇವೆ.

ಮೂರನೆಯ ದಿನ ನಮ್ಮ ತಾಯಿ ಹೊಲಿದ ಕೌದಿ. ಟ್ರಂಕಿನಿಂದ ತೆಗೆಸಿ ಅಂಗಳದಲ್ಲಿ ಹಾಸಿ ಒಂದು ಮಧ್ಯಾಹ್ನ ಅದರ ಮುಂದೆ ಕುಳಿತಿದ್ದಳು. ಹಳೆಯ ಸೀರೆ, ಧೋತರಗಳ ಪದರ, ಮೇಲೆ ಸಾಲಾಗಿ ನೂಲಿನ ಹೊಲಿಗೆ. ನಾನು ಬಣ್ಣ ಚೆನ್ನಾಗಿದೆ ಎಂದೆ. ಆಕೆ ತೇಪೆಗಳನ್ನು ಎಣಿಸುತ್ತಿದ್ದಳು. “ಎಲ್ಲಾ ತ್ಯಾಪಿ ಕಾಲಿನ ಕಡೆ ಅದಾವು ನೋಡ್ರಿ. ಹೊಲದಾಗ ತಿರಗಿ ಒಡದ ಹಿಮ್ಮಡ ಇಲ್ಲೆ ತಿಕ್ಕ್ಯಾವು” ಎಂದಳು. ನಮ್ಮ ತಂದೆಯ ಹಿಮ್ಮಡಿ ಆಕೆ ಹುಟ್ಟುವ ಮೊದಲೇ ಮಣ್ಣು ಸೇರಿತ್ತು. ಕೌದಿಯಲ್ಲಿ ಆಕೆ ಅದನ್ನು ಓದಿದ್ದಳು.

ನಂತರ ಒಂದು ದಿನ ಇಳಕಲ್ಲಿಗೆ ಹೋಗೋಣ ಎಂದಳು. ಇಳಕಲ್ ಸೀರೆ ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಅದರ ಸೆರಗನ್ನು ಮೈಗೆ ಹೇಗೆ ಕೂಡಿಸುತ್ತಾರೆ ಎಂದು ನಾನು ಎಂದೂ ಕೇಳಿರಲಿಲ್ಲ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ, ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಸಾವಿರಾರು ಎಳೆಗಳು. ಕಾಂಕ್ರೀಟಿನಲ್ಲಿ ಒಂದು ಸರಳಿಗೆ ಇನ್ನೊಂದು ಸರಳು ಕೂಡಿಸುವಾಗ ನಾವು ಎಷ್ಟು ಉದ್ದ ಹೊದಿಸಬೇಕೆಂದು ಪುಟಗಟ್ಟಲೆ ಲೆಕ್ಕ ಬರೆಯುತ್ತೇವೆ. ಅಲ್ಲಿ ಒಬ್ಬ ತಾಯಿ ಪುಸ್ತಕವಿಲ್ಲದೆ, ಬೆರಳ ತುದಿಯಿಂದ ಆ ಕೆಲಸ ಮಾಡುತ್ತಿದ್ದರು. ಸೆರಗಿನ ಅಂಚಿಗೆ ಬರುವ ಆಕಾರಗಳ ಹೆಸರು ಕೇಳಿದರೆ ಹಣಿಗೆ, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು. ಅಂದರೆ ಬೆಳಿಗ್ಗೆ ತಲೆ ಬಾಚುವ ವಸ್ತು, ಊರ ಮುಂದಿನ ಕೋಟೆ, ಹೊಲದ ಬೆಳೆ, ಕಣ್ಣೆದುರಿನ ಬೆಟ್ಟ. ಆ ಸೆರಗಿನ ಕಲ್ಪನೆ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಿಲ್ಲ, ಹೆಸರೇ ಹೇಳುತ್ತದೆ.

ಧಾರವಾಡ ಸೀಮೆಯ ಕಸೂತಿಯೂ ಹಾಗೆಯೇ. ಗೋಪುರ, ತೇರು, ಆನೆ, ನವಿಲು, ತೊಟ್ಟಿಲು ಎಲ್ಲವೂ ಹೆಣ್ಣುಮಕ್ಕಳು ಕಂಡು ಬದುಕಿದ ವಸ್ತುಗಳು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತ ಹೋಗುತ್ತಾರೆ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹಾಕುತ್ತ ಮುಂದೆ ಹೋಗಿ, ಮರಳಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಮುಂದೆಯೂ ಹಿಂದೆಯೂ ಒಂದೇ ಚಿತ್ರ. ಹೊರಟ ಜಾಗಕ್ಕೆ ಸೂಜಿ ಸರಿಯಾಗಿ ಬರಬೇಕಾದರೆ ದಾರಿಯೆಲ್ಲ ಮೊದಲೇ ತಲೆಯಲ್ಲಿರಬೇಕು. ನಾವು ಲೆವೆಲ್ಲಿಂಗ್ ಮಾಡುವಾಗ ಬೆಂಚ್‌ಮಾರ್ಕ್‌ನಿಂದ ಹೊರಟು ಮತ್ತೆ ಬೆಂಚ್‌ಮಾರ್ಕ್‌ಗೇ ಬಂದು ಲೆಕ್ಕ ತಾಳೆ ನೋಡುತ್ತೇವೆ. ಅದೇ ಶಿಸ್ತು ನಮ್ಮ ಅಜ್ಜಿಯರ ಕೈಯಲ್ಲಿತ್ತು. ಅದನ್ನು ನಾವು ಗಣಿತ ಎಂದು ಕರೆಯಲಿಲ್ಲ, “ಹೆಂಗಸರ ಹೊಲಿಗೆ” ಎಂದೆವು.

ಈ ಮಾತು ನಮ್ಮ ಮನೆಯ ಅಭಿಮಾನದ ಮಾತು ಮಾತ್ರವೇ ಎಂದು ಯಾರಾದರೂ ಕೇಳಬಹುದು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಈ ದೇಶದಲ್ಲಿ ಡಿಸೈನ್ ಶಿಕ್ಷಣ ಹೇಗಿರಬೇಕು ಎಂಬುದು ವಿಷಯ. ಅಹಮದಾಬಾದಿನ ಸಂಸ್ಥೆಗೆ ಅದೇ ಬುನಾದಿ. ಹೆಸರಾಂತ ಕುರ್ಚಿಗಳನ್ನು ಮಾಡಿದ ಆ ದಂಪತಿ ನಮ್ಮ ದೇಶ ಸುತ್ತಿ ಬಹುವಾಗಿ ಮೆಚ್ಚಿಕೊಂಡದ್ದು ಯಾವುದನ್ನು? ತಂಬಿಗೆಯನ್ನು. ಅದು ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತಲೆಯ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ಧಾರೆ ಹೇಗೆ ಬೀಳುತ್ತದೆ, ಒಳಗೆ ಕೈ ಹಾಕಿ ತೊಳೆಯಲು ಬರುತ್ತದೆಯೋ ಎಂದು ಪ್ರಶ್ನೆಗಳ ದೊಡ್ಡ ಪಟ್ಟಿಯನ್ನೇ ಅವರು ಬರೆದರು. ಈ ತಂಬಿಗೆಯನ್ನು ಯಾವನೋ ಒಬ್ಬ ಮಾಡಿಲ್ಲ, ತಲೆತಲಾಂತರದ ಅನೇಕ ಜನ ಸ್ವಲ್ಪ ಸ್ವಲ್ಪ ತಿದ್ದುತ್ತ ಬಂದಿದ್ದಾರೆ ಎಂಬುದು ಅವರ ಅಭಿಪ್ರಾಯ. ದಿನಾ ಬೆಳಿಗ್ಗೆ ನಮ್ಮ ಕೈಗೆ ಬರುವ ವಸ್ತು ಅವರಿಗೆ ಪಾಠಶಾಲೆಯಾಯಿತು.

ನಮ್ಮ ಇಂಜಿನಿಯರಿಂಗಿನಲ್ಲೂ ಇಂಥ ಉದಾಹರಣೆಗಳಿವೆ. ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ ಮಾರ್ಕ್ ಬ್ರೂನೆಲ್ ಎಂಬ ಇಂಜಿನಿಯರು 1825ರಲ್ಲಿ ಸುರಂಗ ಆರಂಭಿಸಿದರು. ಅದು 1843ರಲ್ಲಿ ಸಂಚಾರಕ್ಕೆ ತೆರೆಯಿತು. ಮೆತ್ತನೆಯ ಮಣ್ಣು, ಮೇಲೆ ನದಿ, ಅಗೆದರೆ ಕುಸಿತ. ಅವರಿಗೆ ಉಪಾಯ ಹೊಳೆದದ್ದು ಹಡಗಿನ ಮರವನ್ನು ಕೊರೆಯುವ ಒಂದು ಹುಳುವಿನಿಂದ ಎಂದು ಹೇಳುತ್ತಾರೆ. ಅದು ತಲೆಯ ಕಡೆಯ ಗಟ್ಟಿ ಚಿಪ್ಪಿನಿಂದ ಮರ ಕೊರೆಯುತ್ತದೆ, ಕೊರೆದ ದಾರಿಗೆ ಸುಣ್ಣದಂಥ ಗಿಲಾವು ಮಾಡುತ್ತ ಮುಂದೆ ಸಾಗುತ್ತದೆ. ಬ್ರೂನೆಲ್ ಕೂಡ ಕೆಲಸಗಾರರ ಮುಂದೆ ಕಬ್ಬಿಣದ ಗುರಾಣಿ ಇಟ್ಟು, ಹಿಂದಿನಿಂದ ಇಟ್ಟಿಗೆ ಕಟ್ಟಿಸುತ್ತ ಹೋದರು. ಇಂದು ಬೆಂಗಳೂರಿನ ಮೆಟ್ರೊ ಸುರಂಗ ಕೊರೆದ ಯಂತ್ರಗಳ ಮೂಲ ತತ್ವವೂ ಅದೇ. ಆ ಹುಳುವಿನ ಕಾಟ ಹಡಗಿನವರಿಗೆಲ್ಲ ಗೊತ್ತಿತ್ತು. ಬ್ರೂನೆಲ್ ಅದು ಕೆಲಸ ಮಾಡುವ ರೀತಿಯನ್ನು ನೋಡಿದರು.

ಇಷ್ಟು ಹೇಳಿ ಮುಗಿಸಿದರೆ ಇದು ಸುಖದ ಉಪನ್ಯಾಸವಾಗುತ್ತಿತ್ತು. ಈಗ ನಾನು ಇರುವ ಪುಟಕ್ಕೆ ಬರುತ್ತೇನೆ.

ಹದಿನೇಳನೆಯ ದಿನ ಆಕೆ ಹತ್ತಿರದ ಒಂದು ಹಳ್ಳಿಗೆ ಹೋಗಿ ಬಂದಳು. ಅಲ್ಲಿ ಒಂದು ನೀರಿನ ಸಿಸ್ಟರ್ನ್ ಇದೆ, ಸುತ್ತ 4 ನಳ, ಕೆಳಗೆ ಕಾಂಕ್ರೀಟಿನ ಕಟ್ಟೆ. ನಾನು ಸೇವೆಯಲ್ಲಿದ್ದಾಗ ನನ್ನ ಕೈಕೆಳಗೇ ಆದ ಕೆಲಸ. ಆಕೆಗೆ ಅದು ಗೊತ್ತಿರಲಿಲ್ಲ. ರಾತ್ರಿ ಊಟದ ನಂತರ ನೋಟ್‌ಬುಕ್ ತೆರೆದಳು. ನಳದ ಚಿತ್ರ ಚಿಕ್ಕದು. ಅದರ ಪಕ್ಕದಲ್ಲಿ, ಮೊಣಕಾಲೆತ್ತರದ ಒಂದು ಒರಟು ಕಲ್ಲಿನ ಚಿತ್ರ ಪುಟದ ತುಂಬ. ಕಲ್ಲಿನ ನೆತ್ತಿಯಲ್ಲಿ ಕೊಡದ ತಳ ಕೂಡುವಷ್ಟು ಸವೆದ ತಗ್ಗು.

“ದೊಡ್ಡಪ್ಪಾ, ನಳದ ಮುಂದ ಇಂಥಾ ಕಲ್ಲು ಡ್ರಾಯಿಂಗಿನ್ಯಾಗ ಇರತೈತೇನು?” ಎಂದು ಕೇಳಿದಳು.

“ಇಲ್ಲವ್ವಾ. ಅದು ಊರವರು ತಂದು ಇಟ್ಟಿದ್ದು. ಹಂಗ ಇಡಬಾರದು. ನೀರು ಗಟಾರಕ್ಕ ಹರಿಯೂದಿಲ್ಲ” ಎಂದೆ.

ಆಕೆ ಪುಟ ತಿರುಗಿಸಿದಳು. ಅಲ್ಲಿ ಹೆಂಗಸರು ಕೊಡ ಎತ್ತುವ 6 ಚಿತ್ರಗಳು. 15 ಲೀಟರಿನ ಕೊಡ ಎಂದರೆ ನೀರೇ 15 ಕೆಜಿ. ನೆಲದಿಂದ ಒಮ್ಮೆಲೇ ಸೊಂಟಕ್ಕೆ, ಸೊಂಟದಿಂದ ತಲೆಗೆ ಎತ್ತುವುದು ಒಬ್ಬರಿಂದ ಆಗದ ಮಾತು. ಜೊತೆಗೆ ಇನ್ನೊಬ್ಬರಿದ್ದರೆ ಎತ್ತಿಕೊಡುತ್ತಾರೆ. ನಸುಕಿನಲ್ಲಿ ಒಬ್ಬಳೇ ಬಂದವಳಿಗೆ? ಆಕೆ ಕೊಡವನ್ನು ಮೊದಲು ಕಲ್ಲಿನ ಮೇಲೆ ಇಡುತ್ತಾಳೆ, ಉಸಿರು ತೆಗೆದುಕೊಳ್ಳುತ್ತಾಳೆ, ಸಿಂಬೆ ಸರಿಮಾಡಿಕೊಳ್ಳುತ್ತಾಳೆ, ಬಾಗಿ ಅಲ್ಲಿಂದ ತಲೆಗೇರಿಸುತ್ತಾಳೆ. ದಿನಕ್ಕೆ 10 ಕೊಡವೆಂದರೆ 150 ಕೆಜಿ. ಆ ಕಲ್ಲು ಅಷ್ಟು ಭಾರದ ಅರ್ಧ ದಾರಿಯ ಕಟ್ಟೆ.

ಪುಟದ ಕೆಳಗೆ ಒಬ್ಬ ಅಜ್ಜಿ ಹೇಳಿದ ಮಾತನ್ನು ಬರೆದುಕೊಂಡಿದ್ದಳು. ಓದಿ ಹೇಳಿದಳು. “ಇದು ಎರಡನೇ ಕಲ್ಲವ್ವಾ. ಮೊದಲಿನ ಕಲ್ಲನ್ನ ಯಾರೋ ಸಾಹೇಬ್ರು ಜೀಪಿನ್ಯಾಗ ಬಂದು ತಗಸಿದ್ರು. ಮೂರ ದಿನಕ್ಕ ನನ್ನ ಸೊಸಿ ಕೊಡಾ ಎತ್ತೂಮುಂದ ಜಾರಿ ಬಿದ್ಲು. ಮುಂಗೈ ಮುರೀತು. ಎರಡ ತಿಂಗಳ ರೊಟ್ಟಿ ಬಡೀಲಿಲ್ಲ. ಆಮ್ಯಾಲ ನಾವ ಇದನ್ನ ತಂದ ಹಾಕಿದ್ವಿ.”

ಜೀಪಿನಲ್ಲಿ ಬಂದ ಆ ಸಾಹೇಬ ನಾನೇ. ಕೆಲಸ ಪೂರ್ಣಗೊಂಡ ತಪಾಸಣೆಗೆ ಹೋದಾಗ ಕಟ್ಟೆಯ ಮೇಲೆ ಕಲ್ಲು ಕಂಡಿತ್ತು. ಡ್ರಾಯಿಂಗಿನಲ್ಲಿ ಇಲ್ಲ, ನೀರು ನಿಲ್ಲುತ್ತದೆ, ತೆಗೆಯಿರಿ ಎಂದಿದ್ದೆ. ನೀರು ನಿಲ್ಲುತ್ತಿದ್ದುದು ನಿಜ. ಆದರೆ ಇಷ್ಟು ಭಾರದ ಕಲ್ಲನ್ನು ನಾಲ್ಕು ಜನ ಸೇರಿ ಯಾಕೆ ಹೊತ್ತು ತಂದರು ಎಂದು ಕೇಳಲಿಲ್ಲ. 5 ನಿಮಿಷದ ಮಾತು ಅದು. ಕೇಳಿದ್ದರೆ ಅಲ್ಲಿದ್ದ ಯಾವ ಹೆಣ್ಣುಮಗಳಾದರೂ ಹೇಳುತ್ತಿದ್ದಳು.

ಆ ರಾತ್ರಿ ಆಕೆಗೆ ಏನೂ ಹೇಳಲಿಲ್ಲ. ನಿದ್ದೆಯೂ ಬರಲಿಲ್ಲ. ಬೆಳಿಗ್ಗೆ ಚಹಾ ಕುಡಿಯುವಾಗ “ಅವ್ವಾ, ಆ ಸಾಹೇಬ ನಾನ” ಎಂದೆ. ಆಕೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಹಂಗಾರ ಇವತ್ತ ನೀವೂ ಬರ್ರಿ” ಎಂದಳು.

ಹೋದೆ. ಅಜ್ಜಿಯ ಮುಂದೆ ಕೈಮುಗಿದು ನಿಜ ಹೇಳಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, “ಕೂಡ್ರಿ, ಚಾ ಕುಡೀರಿ” ಎಂದರು. ಅವರ ಸೊಸೆಯೇ ಚಹಾ ತಂದು ಕೊಟ್ಟರು. ಆ ಮುಂಗೈ ಇಂದಿಗೂ ಸ್ವಲ್ಪ ಸೊಟ್ಟಗಿದೆ. ಆ ಚಹಾದ ರುಚಿ ನನಗೆ ನೆನಪಿಲ್ಲ.

ಆ ವಾರವೆಲ್ಲ ನಾವಿಬ್ಬರೂ ನಳದ ಬಳಿ ಕುಳಿತೆವು. ಕುಳ್ಳಗಿರುವವರು, ಎತ್ತರದವರು, ಮುದುಕಿಯರು, ಶಾಲೆಯ ಹುಡುಗಿಯರು ಎಲ್ಲರೂ ಎಲ್ಲಿಗೆ ಬಾಗುತ್ತಾರೆ ಎಂದು ಆಕೆ ಟೇಪು ಹಿಡಿದು ಅಳೆದಳು. ಒಂದೇ ಎತ್ತರ ಎಲ್ಲರಿಗೂ ಆಗದು ಎಂದು ತಿಳಿಯಿತು. ಒಂದೂವರೆ ಅಡಿಯದೊಂದು, ಎರಡೂವರೆ ಅಡಿಯದೊಂದು ಮೆಟ್ಟಿಲು ಬರೆದಳು. ಮೇಲೆ ಕೊಡ ಕೂಡಲು ಬಟ್ಟಲಿನಂಥ ತಗ್ಗು. ಕಲ್ಲಿನ ಅಡಿಯಿಂದ ನೀರು ಗಟಾರಕ್ಕೆ ಹರಿಯಲು ಸಂದು ಬಿಡುವ ಕೆಲಸ ಮಾತ್ರ ನನ್ನದು. ಪಂಚಾಯಿತಿಯವರ ಒಪ್ಪಿಗೆ ಪಡೆದು, ನನ್ನ ಪಿಂಚಣಿಯ ಹಣದಲ್ಲಿ, ಆ ಊರಿನ ಗೌಂಡಿಯಿಂದಲೇ ಕಟ್ಟಿಸಿದೆವು. ತಗ್ಗು ಎಷ್ಟು ಆಳ ಇರಬೇಕೆಂಬುದರಲ್ಲಿ ಗೌಂಡಿಯ ಹೆಂಡತಿ ನಮ್ಮಿಬ್ಬರನ್ನೂ ತಿದ್ದಿದರು. ಹಳೆಯ ಕಲ್ಲನ್ನು ತೆಗೆಯಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ ಇಟ್ಟಿದ್ದಾರೆ, ಸರದಿಗೆ ಕಾಯುವವರು ಕುಳಿತುಕೊಳ್ಳುತ್ತಾರೆ. ಕೆಲಸ ಮುಗಿದ ದಿನ ಅಜ್ಜಿ ಕೇಳಿದರು: “ಇಷ್ಟ ಮಾಡಾಕ ಇಷ್ಟ ವರ್ಷ ಬೇಕಾತೇನ್ರಿ?” ನನ್ನ ಬಳಿ ಉತ್ತರವಿರಲಿಲ್ಲ.

ವಿದ್ಯಾರ್ಥಿ ಮಿತ್ರರೆ, ಹೊಸ ಕಲ್ಪನೆ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಿದರೆ ನನ್ನ ಅನುಭವದಿಂದ ಹೇಳುವುದು ಇಷ್ಟೇ. ಜನ ತಮ್ಮ ಕಷ್ಟಕ್ಕೆ ತಾವೇ ಮಾಡಿಕೊಂಡ ಉಪಾಯಗಳಲ್ಲಿ ಅದು ಮೊದಲೇ ಇರುತ್ತದೆ. ತೇಪೆ ಹಾಕಿದ ಕಡೆ, ದಾರ ಕಟ್ಟಿದ ಕಡೆ, ಕಲ್ಲು ಇಟ್ಟ ಕಡೆ ನಿಲ್ಲಿರಿ. ಅಲ್ಲಿ ಯಾರೋ ಒಬ್ಬರು ಮೊದಲು ಮಾಡಿದವನ ತಪ್ಪನ್ನು ತಿದ್ದಿದ್ದಾರೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೊ ಹೊಡೆದರೆ ಸಾಲದು. ಫೋಟೊ ಒಂದು ಕ್ಷಣದ ಕೆಲಸ, ಕೈಯಿಂದ ಬರೆಯಲು ಅರ್ಧ ತಾಸು ಬೇಕು. ಆ ಅರ್ಧ ತಾಸಿನಲ್ಲೇ ಕಲ್ಲಿನ ಮೇಲಿನ ತಗ್ಗು ಕಣ್ಣಿಗೆ ಬೀಳುತ್ತದೆ. ಬರೆದ ಮೇಲೆ ಕೇಳಿರಿ. ಚಿತ್ರದಲ್ಲಿ ಕಲ್ಲು ಕಂಡಿತು, ಮುರಿದ ಮುಂಗೈಯ ಕಥೆ ಕೇಳಿದ ಮೇಲೆಯೇ ಬಂತು.

ಇನ್ನೊಂದು ಮಾತು ಋಣದ್ದು. ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅದು ಹೆಸರನ್ನು ಕಾಯುತ್ತದೆ, ನೇಕಾರರ ಕೂಲಿಯನ್ನು ಅದೊಂದೇ ಕಾಯಲಾರದು. ನಾಳೆ ನೀವು ಆ ತೆನೆಯ ಆಕಾರವನ್ನು ಒಂದು ಚೀಲದ ಮೇಲೆ ಅಚ್ಚು ಹಾಕಿ ಮಾರಿದರೆ, ಅದನ್ನು ತೋರಿಸಿಕೊಟ್ಟ ಮನೆಗೆ ಏನು ಹೋಯಿತು? ನಮ್ಮ ಹುಡುಗಿ ಪ್ರತಿ ಪುಟದ ಕೆಳಗೆ ಅಂದು ಕಲಿಸಿದವರ ಹೆಸರು ಬರೆದಿದ್ದಾಳೆ. ಕಂಡಕ್ಟರರ ಹೆಸರಿದೆ, ಕೊಂಡಿ ಹಾಕುವ ತಾಯಿಯ ಹೆಸರಿದೆ, ಅಜ್ಜಿಯ ಹೆಸರಿದೆ. ಕಾಲೇಜಿನಲ್ಲಿ ಒಪ್ಪಿಸುವಾಗಲೂ ಆ ಹೆಸರುಗಳ ಸಮೇತವೇ ಒಪ್ಪಿಸಿದಳು. ಕಾಯಕದ ಮಾತನ್ನು ದಿನವೂ ಆಡುವ ಈ ಸಭಾಂಗಣದಲ್ಲಿ ಅದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಹೆಸರು ಬರೆಯುವುದು ಮೊದಲ ಹೆಜ್ಜೆ, ದುಡಿಮೆಯ ಪಾಲು ಕೊಡುವುದು ಎರಡನೆಯದು.

ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಮಗನೋ ಮಗಳೋ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕುಂಬಾರರ ಮನೆಯ ಮುಂದೆ ಸುಮ್ಮನೆ ನೋಡುತ್ತ ನಿಂತರೆ “ಏನ್ ನಿಂತಿ, ನಡಿ” ಎಂದು ಗದರಿಸಬೇಡಿ. ಡಿಸೈನ್ ಓದಲಿ, ಇಂಜಿನಿಯರಿಂಗ್ ಓದಲಿ, ವೈದ್ಯಕೀಯ ಓದಲಿ, ಆ ನಿಂತು ನೋಡುವ ಗುಣ ಇಲ್ಲದಿದ್ದರೆ ಮುಂದೆ ಯಾವಾಗಲೋ ಅವರೂ ಜೀಪಿನಿಂದ ಇಳಿದು ಯಾರದೋ ಕಲ್ಲು ತೆಗೆಸುತ್ತಾರೆ.

ಆಕೆ ಈಗ ಮೂರನೆಯ ವರ್ಷದಲ್ಲಿದ್ದಾಳೆ. ಕಳೆದ ಸಲ ಹೋಗುವಾಗ ನನಗೂ ಒಂದು ನೋಟ್‌ಬುಕ್ ಕೊಟ್ಟು ಹೋಗಿದ್ದಾಳೆ. ಚಿತ್ರ ನನಗೆ ಬರುವುದಿಲ್ಲ, ಡ್ರಾಯಿಂಗ್ ಬೋರ್ಡಿನ ಕೈ ಇದು, ಗೆರೆ ಮಾತ್ರ ನೇರ ಬರುತ್ತದೆ. ಆದರೂ ದಿನಕ್ಕೊಂದು ಪುಟ ತುಂಬಿಸುತ್ತಿದ್ದೇನೆ. ಇವತ್ತಿನ ಪುಟಕ್ಕೆ ನಮ್ಮ ಮಠದ ದಾಸೋಹದ ಮನೆಯಲ್ಲಿ ಆ ದೊಡ್ಡ ಅನ್ನದ ಹಂಡೆಯನ್ನು ಇಬ್ಬರು ಯಾವ ಉಪಾಯದಿಂದ ಇಳಿಸುತ್ತಾರೆ ಎಂದು ನೋಡಬೇಕೆಂದಿದ್ದೇನೆ. ಪ್ರಸಾದಕ್ಕೆ ಹೋಗುವಾಗ ನೀವೂ ನೋಡಿರಿ.